ಲಗಾಮು ಎಳೆದಷ್ಟೂ ಓಡುವ ಕುದುರೆ

ಎಲ್ಲರಿಗೂ ನಮಸ್ಕಾರ. ರೇಸಿನಿಂದ ನಿವೃತ್ತಿಯಾದ ಥರೋಬ್ರೆಡ್ (ರೇಸಿಗೆಂದೇ ಬೆಳೆಸುವ ತಳಿ) ಕುದುರೆಗಳಲ್ಲಿ ಕೆಲವು ಸವಾರಿ ಶಾಲೆಗಳಿಗೆ ಬರುತ್ತವೆ. ಬಂದ ವಾರದಲ್ಲೇ ದೂರು ಶುರು: ‘ಮಹಾ ಹಠಮಾರಿ ಇದು, ಎಳೆದರೂ ನಿಧಾನ ಆಗಲ್ಲ.’ ಹಠವಲ್ಲ, ಅಭ್ಯಾಸ. ರೇಸಿನಲ್ಲಿ ಜಾಕಿ ಲಗಾಮನ್ನು ಬಿಗಿಯಾಗಿ ಹಿಡಿದಿರುತ್ತಾನೆ. ಕುದುರೆ ಆ ಹಿಡಿತದ ಮೇಲೆ ಬಾಯಿಯ ಭಾರ ಹಾಕಿ ಓಡುವುದನ್ನು ರೂಢಿಸಿಕೊಂಡಿರುತ್ತದೆ. ನೀವು ಎಳೆದರೆ ಅದಕ್ಕೆ ಊರಲು ಆಸರೆ ಸಿಕ್ಕಿತು, ಅಷ್ಟೇ.

ಕಲಿಸುವ ಮೊದಲು ನೋವಿದೆಯೇ ನೋಡಿ. ಕುದುರೆಯ ಮೇಲ್ದವಡೆ ಹಲ್ಲಿನ ಹೊರ ಅಂಚು ಚೂಪಾಗಿ ಕೆನ್ನೆಯನ್ನು ಕೊಯ್ಯುತ್ತದೆ. ವರ್ಷಕ್ಕೊಮ್ಮೆಯಾದರೂ ಪಶುವೈದ್ಯರಿಂದ ಪರೀಕ್ಷಿಸಿ, ಅರದಿಂದ ಉಜ್ಜಿಸಬೇಕು. ಸವಾರಿ ಮುಗಿದು ಜೀನು ಇಳಿಸಿದಾಗ ಬೆವರಿನ ನಡುವೆ ಅಂಗೈಯಗಲ ಒಣ ಕಲೆ ಕಂಡರೆ ಅಲ್ಲಿ ಜೀನು ಒತ್ತುತ್ತಿರಬಹುದು. ಒತ್ತುವ ಜೀನಿನಿಂದ ತಪ್ಪಿಸಿಕೊಳ್ಳಲು ಕುದುರೆ ಓಡುತ್ತದೆ. ಮೇವನ್ನೂ ನೋಡಿ: ರೇಸಿನ ಕಾಲದಲ್ಲಿ ಕೊಡುತ್ತಿದ್ದ ಓಟ್ಸ್ ಕಡಿಮೆ ಮಾಡಿ. 450 ಕಿಲೋ ತೂಕದ ಕುದುರೆಗೆ ದಿನಕ್ಕೆ ಕನಿಷ್ಠ 7 ಕಿಲೋ ಒಣಹುಲ್ಲು ಬೇಕು.

ಈಗ ಕೆಲಸ. 20 ಮೀಟರ್ ವ್ಯಾಸದ ವೃತ್ತ ಹಾಕಿ. ಸುತ್ತಳತೆ ಸುಮಾರು 63 ಮೀಟರ್. ಸಾಮಾನ್ಯ ಟ್ರಾಟ್ (ನಡಿಗೆಗಿಂತ ವೇಗದ, ನಾಗಾಲೋಟಕ್ಕಿಂತ ನಿಧಾನದ ಓಟ) ನಿಮಿಷಕ್ಕೆ 220 ಮೀಟರಿನಷ್ಟು, ಅಂದರೆ ಒಂದು ಸುತ್ತಿಗೆ 17 ಸೆಕೆಂಡು. ಧಾವಿಸುವ ಕುದುರೆ 14ಕ್ಕೇ ಮುಗಿಸುತ್ತದೆ. ಕೆಳಗೆ ನಿಂತವರ ಕೈಗೆ ಸ್ಟಾಪ್‌ವಾಚ್ ಕೊಡಿ, 20 ಸೆಕೆಂಡಿನ ಗುರಿ ಇಡಿ. ಸವಾರರ ಅಂದಾಜನ್ನು ನಂಬಬೇಡಿ!

ವೇಗ ಇಳಿಸುವ ಮೊದಲ ಸಾಧನ ನಿಮ್ಮ ಸೊಂಟ. ಟ್ರಾಟಿನಲ್ಲಿ ಎದ್ದು ಕೂರುವ ಲಯವನ್ನು ಕುದುರೆಗಿಂತ ಚೂರು ನಿಧಾನ ಮಾಡಿ. ಸಾಲದಿದ್ದರೆ ಉಸಿರು ಬಿಟ್ಟು, ಬೆನ್ನು ನೆಟ್ಟಗೆ ಮಾಡಿ, ವೃತ್ತದ ಹೊರಬದಿಯ ಲಗಾಮನ್ನು ಒಂದೆರಡು ಹೆಜ್ಜೆಯ ಮಟ್ಟಿಗೆ ಮುಷ್ಟಿಯಲ್ಲಿ ಅದುಮಿ ಹಿಡಿದು, ತಕ್ಷಣ ಸಡಿಲಿಸಿ. ಕಲಿಸುವುದು ಹಿಡಿತವಲ್ಲ, ಈ ಸಡಿಲಿಕೆ. ಹೆಚ್ಚಿನವರು ತಪ್ಪುವುದೂ ಇಲ್ಲೇ: ವೇಗ ಇಳಿದ ಮೇಲೂ ಹಿಡಿದೇ ಇರುತ್ತಾರೆ. ಆಗ ಕುದುರೆಗೆ ನಿಧಾನವಾಗಿದ್ದರ ಲಾಭವೇನು? ಸ್ಪಂದಿಸದಿದ್ದರೆ ಜೋರಾಗಿ ಎಳೆಯದೆ ವೃತ್ತವನ್ನು 15 ಮೀಟರಿಗೆ ಇಳಿಸಿ. ಅದಕ್ಕಿಂತ ಚಿಕ್ಕದಾದರೆ ಕಾಲಿನ ಕೀಲುಗಳಿಗೆ ಪೆಟ್ಟು.

ನಡುನಡುವೆ ಹತ್ತು ಹೆಜ್ಜೆ ಟ್ರಾಟ್, ಐದು ಹೆಜ್ಜೆ ನಡಿಗೆ, ಎರಡೂ ದಿಕ್ಕಿನಲ್ಲಿ. ನೆಲದ ಮೇಲೆ 1.3 ಮೀಟರ್ ಅಂತರದಲ್ಲಿಟ್ಟ ಗಳುಗಳೂ ಲಯ ಕೂರಿಸುತ್ತವೆ. ಆದರೆ ಮೊದಲ ದಿನ ಒಂದೇ ಗಳು ಸಾಕು, ಸಾಲಾಗಿಟ್ಟರೆ ಕುದುರೆ ಎಲ್ಲವನ್ನೂ ಒಟ್ಟಿಗೆ ಹಾರಲು ನೋಡುತ್ತದೆ. ಓಡುತ್ತದೆಂಬ ಭಯಕ್ಕೆ ಕಾಲನ್ನು ಹೊಟ್ಟೆಯಿಂದ ದೂರ ಚಾಚಬೇಡಿ. ದೂರವಿದ್ದ ಕಾಲು ಅಕಸ್ಮಾತ್ ತಗುಲಿದರೆ ಅದು ಚಿಮ್ಮುತ್ತದೆ.

ನಿಧಾನವೆಂದರೆ ಸೋಮಾರಿ ನಡೆಯಲ್ಲ. ಮರಳಿನ ಗುರುತು ನೋಡಿ: ಹಿಂಗಾಲಿನ ಗೊರಸು ಮುಂಗಾಲಿನ ಗುರುತಿನ ಹತ್ತಿರ ಬೀಳಬೇಕು. ತೀರಾ ಹಿಂದೆ ಬಿದ್ದರೆ ಕುದುರೆ ಕಾಲೆಳೆಯುತ್ತಿದೆ, ತುಸು ಮುಂದೆ ಕಳಿಸಿ.

ಕಟುವಾದ ಕಡಿವಾಣ ಹಾಕಿದರೆ ಎರಡು ದಿನ ಗೆದ್ದಂತೆ ಕಾಣುತ್ತದೆ. ಆಮೇಲೆ ಕುದುರೆ ಗದ್ದವನ್ನು ಎದೆಗೆ ಮಡಚಿಕೊಂಡು ಓಡಲು ಕಲಿಯುತ್ತದೆ, ಆಗ ಲಗಾಮು ಲೆಕ್ಕಕ್ಕೇ ಇಲ್ಲ. ಸವಾರಿ ಅಂಕಣದಲ್ಲಿ ಎರಡೂ ದಿಕ್ಕಿಗೆ ಲಯ ನಿಂತ ಮೇಲಷ್ಟೇ ಬಯಲಿಗೆ ಒಯ್ಯಿರಿ. ಲಾಯದ ಕಡೆ ತಿರುಗಿದ ಮೇಲೆ ಮಾತ್ರ ಟ್ರಾಟ್ ಬೇಡ, ನಡಿಗೆಯಲ್ಲೇ ವಾಪಸ್ ತನ್ನಿ.