ಹೊಂಡದ ಮೀನಿಗೆ ರಾತ್ರಿ ಗಾಳಿ

ರೈತ ಬಾಂಧವರಿಗೆ ನಮಸ್ಕಾರ.

ಮೂರು ದಿನ ಬಿಡದೆ ಮೋಡ ಕವಿದಿತ್ತು. ನಾಲ್ಕನೇ ದಿನ ಕೋಳಿ ಕೂಗುವ ಹೊತ್ತಿಗೆ ಟಾರ್ಚ್ ಹಿಡಿದು ನಮ್ಮ ಕೃಷಿ ಹೊಂಡದ ಹತ್ತಿರ ಹೋದೆ. ನೀರಿನ ಮೇಲೆಲ್ಲ ಬಾಯಿಗಳು. ಕಾಟ್ಲಾ ಮೀನುಗಳು ಮೇಲೆ ಬಂದು ಗುಳುಕ್ ಗುಳುಕ್ ಅಂತ ಗಾಳಿ ಎಳೆಯುತ್ತಿದ್ದವು. ಬೆಳಕು ಬಿಟ್ಟರೂ ಒಂದೂ ಮುಳುಗಲಿಲ್ಲ. ಬೆಳಗಾಗುವಷ್ಟರಲ್ಲಿ ದೊಡ್ಡ ದೊಡ್ಡವೇ ಹೊಟ್ಟೆ ಮೇಲಾಗಿ ತೇಲಿದವು. ತೌಡು, ಹಿಂಡಿ ಹಾಕಿ ಸಾಕಿದ ಮೀನು. ಆ ಸಂಕಟ ನನ್ನನ್ನು ಇನ್ನೂ ಬಿಟ್ಟಿಲ್ಲ.

ಹೊಂಡದಲ್ಲಿ ಸೋಲಾರ್ ಏರೇಟರ್, ಅಂದರೆ ಬಿಸಿಲಿನ ಕರೆಂಟಿನಲ್ಲಿ ನೀರೊಳಗೆ ಗಾಳಿ ತಳ್ಳುವ ಪಂಪು, ಇರಲಿಲ್ವಾ ಅಂತ ಕೇಳಬಹುದು. ಇತ್ತು. ಬಿಸಿಲಿದ್ದಾಗ ಚೆನ್ನಾಗಿಯೇ ಗುಳ್ಳೆ ಬರುತ್ತಿತ್ತು. ದುಡ್ಡು ಉಳಿಯಲಿ ಅಂತ ಬ್ಯಾಟರಿ ಮಾತ್ರ ಹಾಕಿಸಿರಲಿಲ್ಲ.

ಹಗಲು ಹೊತ್ತು ನೀರಿನ ಪಾಚಿಯೇ ಬಿಸಿಲಿಗೆ ಆಮ್ಲಜನಕ ಕೊಡುತ್ತದೆ. ಕತ್ತಲಾದ ಮೇಲೆ ಪಾಚಿಯೂ ಉಸಿರಾಡುತ್ತದೆ, ಮೀನೂ ಉಸಿರಾಡುತ್ತದೆ, ತುಂಬುವವರು ಯಾರೂ ಇಲ್ಲ. ಹಾಗಾಗಿ ನಸುಕಿನ ಹೊತ್ತೇ ಗಂಡಾಂತರ. ಲೀಟರ್ ನೀರಿಗೆ 5 ಮಿಲಿಗ್ರಾಂ ಆಮ್ಲಜನಕ ಇದ್ದರೆ ಮೀನು ಆರಾಮಾಗಿರುತ್ತದೆ. 3ಕ್ಕಿಂತ ಕೆಳಗಿಳಿದರೆ ಕಷ್ಟ. ಮೋಡದ ದಿನ ಪಾಚಿಯ ಕೆಲಸವೂ ಕಡಿಮೆ, ಬ್ಯಾಟರಿಯಿಲ್ಲದ ಪಂಪೂ ಸುಮ್ನೆ ಮಲಗಿರುತ್ತದೆ.

ಈಗ ನಮ್ಮ ಲೆಕ್ಕ ಹೇಳುತ್ತೇನೆ. ಹೊಂಡ 21 ಮೀಟರ್ ಉದ್ದ, ಅಷ್ಟೇ ಅಗಲ, 3 ಮೀಟರ್ ಆಳ. ಪಂಪು 60 ವ್ಯಾಟ್. ರಾತ್ರಿ 11ರಿಂದ ಬೆಳಿಗ್ಗೆ 6ರವರೆಗೆ 7 ಗಂಟೆ ಓಡಿದರೆ 420 ವ್ಯಾಟ್ ಅವರ್ ಬೇಕು. ನೀರು ಹಾಕುವ ಬ್ಯಾಟರಿಯನ್ನು ಅರ್ಧಕ್ಕಿಂತ ಜಾಸ್ತಿ ಖಾಲಿ ಮಾಡಬಾರದು. ಅದಕ್ಕೇ 12 ವೋಲ್ಟಿನ 80 ಆಂಪಿಯರ್ ಅವರ್ ಬ್ಯಾಟರಿ ತಂದೆ. 12ನ್ನು 80ರಿಂದ ಗುಣಿಸಿದರೆ 960 ವ್ಯಾಟ್ ಅವರ್, ಅದರ ಅರ್ಧ 480. ಮೋಡಕ್ಕೆ ಹೆದರಿ 200 ವ್ಯಾಟ್ ಪ್ಯಾನೆಲ್ ಹಾಕಿಸಿದೆ. ಪ್ಯಾನೆಲ್ ದಕ್ಷಿಣಕ್ಕೆ ಮುಖ ಮಾಡಿ, ಸ್ವಲ್ಪ ಓರೆಯಾಗಿ ನಿಂತಿದೆ. ಒಂದು ತೆಂಗಿನ ಗರಿಯ ನೆರಳು ಬಿದ್ದರೂ ಕರೆಂಟು ಬಹಳ ಕಡಿಮೆಯಾಗುತ್ತದೆ. ಜಾಗ ನೋಡಿ ಇಡಿ.

ಪಂಪು ಕೊಳ್ಳುವಾಗ 10 ಅಡಿ ಆಳಕ್ಕೆ ಗಾಳಿ ತಳ್ಳುತ್ತದೆಯೇ ಅಂತ ಕೇಳಿ. ಮನೆಯ ಮೀನಿನ ತೊಟ್ಟಿಯ ಪಂಪು ಇಲ್ಲಿ ನಡೆಯಲ್ಲ. ಏರೇಟರ್ ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲಿಡಿ, ಪೈಪಿಗೆ ಒಂದೇ ಕಡೆಗೆ ಬಿಡುವ ವಾಲ್ವ್ ಹಾಕಿ. ಇಲ್ಲದಿದ್ದರೆ ನಿಂತಾಗ ನೀರು ಹಿಂದೆ ಬಂದು ಪಂಪಿಗೆ ಸೇರುತ್ತದೆ. ಪೈಪಿನ ತುದಿಯಲ್ಲಿ ಗುಳ್ಳೆ ಬಿಡುವ ಕಲ್ಲನ್ನು ತಳಕ್ಕೆ ಹಾಸಿದ ಪ್ಲಾಸ್ಟಿಕ್ ಹಾಳೆಗೆ ತಾಗಿಸಬೇಡಿ. ನಾನು ಹಳೆಯ ಪ್ಲಾಸ್ಟಿಕ್ ಬುಟ್ಟಿ ಮಗುಚಿ ಅದರ ಮೇಲೆ ಕಟ್ಟಿದ್ದೇನೆ. ಹಾಳೆ ಹರಿಯಲ್ಲ, ಕೆಸರೂ ಕಲಕಲ್ಲ.

ಹಳೆಯ ಹೊಂಡವಾದರೆ ಒಂದು ಎಚ್ಚರ. ಮೊದಲ ದಿನವೇ ಏರೇಟರನ್ನು ರಾತ್ರಿಯಿಡೀ ಓಡಿಸಬೇಡಿ. ತಳದಲ್ಲಿ ಕೊಳೆತ ನೀರು ಒಮ್ಮೆಲೇ ಮೇಲೆದ್ದರೆ ಅದರಿಂದಲೇ ಮೀನು ಸಾಯಬಹುದು. ಅರ್ಧ ಗಂಟೆಯಿಂದ ಶುರು ಮಾಡಿ, ದಿನದಿನಕ್ಕೆ ಹೆಚ್ಚಿಸಿ.

ಮೋಡ ಕವಿದ ದಿನ ಮೇವು ನಿಲ್ಲಿಸಿ. ಬ್ಯಾಟರಿ ಪೂರ್ತಿ ತುಂಬಿಲ್ಲ ಅನ್ನಿಸಿದರೆ ಪಂಪನ್ನು ರಾತ್ರಿ 2 ಗಂಟೆಗೆ ಶುರು ಮಾಡಿ, ನಸುಕಿಗೆ ಚಾರ್ಜು ಉಳಿಯಲಿ. ಇಷ್ಟಾದರೂ ನೀರಿನ ಮೇಲೆ ಬಾಯಿಗಳು ಕಂಡರೆ ಕಾಯಬೇಡಿ. ಡೀಸೆಲ್ ಪಂಪಿನಲ್ಲಿ ಹೊಂಡದ ನೀರನ್ನೇ ಎತ್ತಿ, ಎತ್ತರದಿಂದ ಮತ್ತೆ ಹೊಂಡಕ್ಕೇ ಚಿಮ್ಮಿಸಿ. ಆ ದಿನ ನಮ್ಮ ಡೀಸೆಲ್ ಪಂಪು ದಡದಲ್ಲೇ ಇತ್ತು. ನನಗೆ ಹೊಳೆಯಲೇ ಇಲ್ಲ.

ನಮಸ್ಕಾರ.