ಎಂಟು ಮಿಲಿಮೀಟರ್ ಉಂಗುರದ ಆಟ

ಕೇಳುಗರಿಗೆ ನಮಸ್ಕಾರ. ಲಂಡನ್ನಿನ ಅಲೆಕ್ಸಾಂಡ್ರಾ ಪ್ಯಾಲೇಸಿನಲ್ಲಿ ಚಳಿಗಾಲದಲ್ಲಿ ನಡೆಯುವ, ಪುಟ್ಟ ಚೂಪು ಬಾಣಗಳನ್ನು ದುಂಡು ಹಲಗೆಗೆ ಎಸೆಯುವ ಆಟದ ಪಿಡಿಸಿ (ವೃತ್ತಿಪರ ಡಾರ್ಟ್ಸ್ ಸಂಸ್ಥೆ) ವಿಶ್ವ ಡಾರ್ಟ್ಸ್ ಚಾಂಪಿಯನ್‌ಷಿಪ್ಪಿನ ಫಲಿತಾಂಶ ಪತ್ರಿಕೆಯಲ್ಲಿ ಒಂದೇ ಸಾಲಿನಲ್ಲಿ ಮುಗಿದುಹೋಗುತ್ತದೆ. 2024ರ ಫೈನಲ್: ಲ್ಯೂಕ್ ಹಂಫ್ರೀಸ್ 7, ಲ್ಯೂಕ್ ಲಿಟ್ಲರ್ 4. ಈ 7–4 ಹೇಗೆ ಬಂತೆಂದು ತಿಳಿಯಬೇಕಾದರೆ ಹಲಗೆಯ ಅಂಚಿನ ಡಬಲ್ ಉಂಗುರವನ್ನು ನೋಡಬೇಕು. ಅಲ್ಲಿ ನಾಟಿದರೆ ಅಂಕ ಎರಡರಷ್ಟು. ಅದರ ಅಗಲ ಬರೀ 8 ಮಿಲಿಮೀಟರ್. ಆಟಗಾರ ನಿಲ್ಲುವುದು 2.37 ಮೀಟರ್ ದೂರದಲ್ಲಿ.

ಪ್ರತಿ ಲೆಗ್, ಅಂದರೆ ಒಂದು ಸುತ್ತಿನ ಆಟ, ಶುರುವಾಗುವುದು 501ರಿಂದ. ಒಂದು ಸರದಿಗೆ ಮೂರು ಡಾರ್ಟ್. ಗಳಿಸಿದ್ದನ್ನು ಕಳೆಯುತ್ತ ಸರಿಯಾಗಿ ಸೊನ್ನೆಗೆ ಬರಬೇಕು, ಕೊನೆಯ ಡಾರ್ಟ್ ಡಬಲ್‌ನಲ್ಲೋ ನಟ್ಟನಡುವಿನ ಬುಲ್‌ನಲ್ಲೋ ನಾಟಬೇಕು. ಮೂರು ಲೆಗ್ ಗೆದ್ದರೆ ಒಂದು ಸೆಟ್, ಫೈನಲ್‌ನಲ್ಲಿ ಏಳು ಸೆಟ್ ಗೆದ್ದವರಿಗೆ ಕಿರೀಟ.

ಆ ಫೈನಲ್‌ನಲ್ಲಿ 16 ವರ್ಷದ ಲಿಟ್ಲರ್ 4–2ರಿಂದ ಮುಂದಿದ್ದ. ಏಳನೇ ಸೆಟ್ಟೂ ಕೈಗೆ ಬರಲು ಬೇಕಿದ್ದದ್ದು ಒಂದು ಡಬಲ್ 2. ಅದು ತಪ್ಪಿತು. ಹಂಫ್ರೀಸ್ ಆ ಸೆಟ್ ಕಸಿದುಕೊಂಡು, ಮುಂದಿನ ನಾಲ್ಕನ್ನೂ ಸತತವಾಗಿ ಗೆದ್ದರು. ಮೂರು ಡಾರ್ಟ್ ಸರದಿಗೆ ಇಬ್ಬರ ಸರಾಸರಿ ಅಂಕವೂ 100 ದಾಟಿತ್ತು. ಅಂಕ ಗಳಿಕೆಯಲ್ಲಿ ಹುಡುಗ ಎಲ್ಲೂ ಹಿಂದೆ ಬಿದ್ದಿರಲಿಲ್ಲ.

ಡಬಲ್ 2 ಯಾಕೆ ಯಾರಿಗೂ ಬೇಡ? 4 ಉಳಿದಾಗ ಡಾರ್ಟ್ ಉಂಗುರದಿಂದ ತುಸು ಒಳಗೆ ಬಿದ್ದರೆ ಸಿಂಗಲ್ 2, ಉಳಿಯುವುದು 2, ಅಂದರೆ ಡಬಲ್ 1. ಅದೂ ಒಳಗೆ ಬಿದ್ದರೆ ಉಳಿಯುವುದು 1. ಒಂದರಿಂದ ಡಬಲ್ ಆಗುವುದಿಲ್ಲ, ಹಾಗಾಗಿ ಆ ಸರದಿಯೇ ರದ್ದು. ಡಬಲ್ 16 ಹಾಗಲ್ಲ. 32 ಉಳಿದಾಗ ಒಳಗೆ ತಪ್ಪಿದರೆ 16, ಮತ್ತೆ ತಪ್ಪಿದರೆ 8, ಆಮೇಲೆ 4. ಪ್ರತಿ ಸಲವೂ ಮುಂದೊಂದು ಡಬಲ್ ಕಾದಿರುತ್ತದೆ. 40 ಇಟ್ಟುಕೊಂಡವರು ಒಳಗೊಳಗೇ ತಪ್ಪಿದರೆ 20, 10, ಆಮೇಲೆ 5. ಬೆಸ ಸಂಖ್ಯೆ ಬಂತೆಂದರೆ ಅದನ್ನು ಸಮ ಮಾಡಲು ಒಂದು ಡಾರ್ಟ್ ವ್ಯರ್ಥ. ಒಳ್ಳೆಯ ಆಟಗಾರರು ಈ ಲೆಕ್ಕವನ್ನು ಒಂದು ಸರದಿಯಲ್ಲಿ ಮುಗಿಸಬಹುದಾದ ಅತಿ ದೊಡ್ಡ ಅಂಕವಾದ 170ರಿಂದಲೇ ಶುರು ಮಾಡುತ್ತಾರೆ. ನನ್ನ ದೃಷ್ಟಿಯಲ್ಲಿ ಒಂದು ಸರದಿಯ ಗರಿಷ್ಠ ಅಂಕವಾದ 180 ಹೊಡೆಯುವುದಕ್ಕಿಂತ ದೊಡ್ಡ ವಿದ್ಯೆ ಇದೇ.

ಹಿಂದಿನ ವರ್ಷದ, ಅಂದರೆ 2023ರ ಫೈನಲ್‌ನ ಎರಡನೇ ಸೆಟ್ ನೋಡಿ. ಮೈಕೆಲ್ ವ್ಯಾನ್ ಗೆರ್ವೆನ್ ಎಂಟು ಡಾರ್ಟ್‌ಗಳನ್ನು ಗುರಿ ಇಟ್ಟಲ್ಲೇ ಹೊಡೆದು, ಒಂಬತ್ತನೆಯದನ್ನು ಡಬಲ್ 12ರಲ್ಲಿ ತಪ್ಪಿಸಿಕೊಂಡರು. ಅದೇ ಲೆಗ್‌ನಲ್ಲಿ ಮರುಕ್ಷಣವೇ ಮೈಕೆಲ್ ಸ್ಮಿತ್ ಬಂದು ಟ್ರೆಬಲ್ 20 (ಮೂರರಷ್ಟು, ಅಂದರೆ 60), ಟ್ರೆಬಲ್ 19, ಡಬಲ್ 12, ಹೀಗೆ 141 ಮುಗಿಸಿದರು. ಒಂಬತ್ತೇ ಡಾರ್ಟ್‌ಗಳಲ್ಲಿ 501. ಇದಕ್ಕಿಂತ ಕಡಿಮೆಯಲ್ಲಿ ಲೆಗ್ ಮುಗಿಯುವುದು ಸಾಧ್ಯವೇ ಇಲ್ಲ. ಪ್ರಶಸ್ತಿಯೂ ಸ್ಮಿತ್‌ಗೇ, 7–4.

ಲಿಟ್ಲರ್‌ನ ಆಟ ಆ ಡಬಲ್ 2ಕ್ಕೆ ನಿಲ್ಲಲಿಲ್ಲ. 2025ರಲ್ಲಿ ಅದೇ ವ್ಯಾನ್ ಗೆರ್ವೆನ್ ಎದುರು ಮೊದಲ ನಾಲ್ಕು ಸೆಟ್‌ಗಳನ್ನು ಸಾಲಾಗಿ ಗೆದ್ದು, 7–3ರಿಂದ 17ನೇ ವಯಸ್ಸಿಗೇ ಅತಿ ಕಿರಿಯ ವಿಶ್ವ ಚಾಂಪಿಯನ್ ಆದ. 2026ರ ಫೈನಲ್‌ನಲ್ಲಿ ನೆದರ್ಲೆಂಡ್ಸ್‌ನ ಜಿಯಾನ್ ವ್ಯಾನ್ ವೀನ್ ಅವರನ್ನು 7–1ರಿಂದ ಸೋಲಿಸಿ, 10 ಲಕ್ಷ ಪೌಂಡ್ ಬಹುಮಾನದೊಂದಿಗೆ ಪ್ರಶಸ್ತಿ ಉಳಿಸಿಕೊಂಡ. ನಮಸ್ಕಾರ.