ಮೊದಲು ಕುದುರೆಯ ರಕ್ತ ನೋಡಿ ಸ್ವಾಮಿ

ನಮಸ್ಕಾರ, ಹಾಸನದಿಂದ ನಿಮ್ಮ ಜಗಳಗಂಟ ಮತ್ತೆ ಬಂದಿದ್ದೇನೆ. ಮೆದುಳು ಜ್ವರದ ಸುಳಿವು ಹಿಡಿಯಲು ಕೆರೆ ಬಯಲಿನ ಕುದುರೆಗಳ ರಕ್ತ ಪರೀಕ್ಷೆ ಆಗಬೇಕು ಅಂತ ಹೋದ ವಾರ ಹೇಳಿದ್ದಕ್ಕೆ ಒಬ್ಬರು ಕಾಮೆಂಟ್ ಹಾಕಿದ್ದಾರೆ. "ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯ್ತು. ಜನಕ್ಕೇ ಟೆಸ್ಟ್ ಇಲ್ಲ, ಕುದುರೆಗೆ ಟೆಸ್ಟಾ?" ಅದಕ್ಕೆ ಬಿದ್ದಿರುವ ಲೈಕ್ ನನ್ನ ವಿಡಿಯೋಗೇ ಬಿದ್ದಿಲ್ಲ.

ಸರಿ. ನಾನು ಹೇಳುವುದು ಒಂದೇ ಮಾತು. ಸೊಳ್ಳೆ ತರುವ ಮೆದುಳು ಜ್ವರವನ್ನು ಆಸ್ಪತ್ರೆಯ ಬೆಡ್ ಮೇಲೆ ಹುಡುಕಬೇಡಿ, ಕೆರೆ ಏರಿಯ ಮೇಲೆ ಹುಡುಕಿ.

ಜೆಇ, ಅಂದರೆ ಜಪಾನೀಸ್ ಎನ್ಸೆಫಲೈಟಿಸ್ ವೈರಸ್ ಬೆಳ್ಳಕ್ಕಿ, ಬಕಪಕ್ಷಿಗಳಲ್ಲಿ ಬದುಕುತ್ತದೆ. ಹಂದಿಯ ಮೈ ಸೇರಿದರೆ ಜಾಸ್ತಿಯಾಗುತ್ತದೆ. ಗದ್ದೆಯ ನಿಂತ ನೀರಲ್ಲಿ ಹುಟ್ಟುವ ಕ್ಯೂಲೆಕ್ಸ್ ಸೊಳ್ಳೆ ಸಂಜೆ ಮೇಲೆ ಅದನ್ನು ಹೊತ್ತು ತಿರುಗುತ್ತದೆ. ಈಗ ನಮ್ಮ ಕಡೆ ನೋಡಿ. ಹೇಮಾವತಿ ಕಾಲುವೆ, ಗದ್ದೆ, ನಾಟಿ ಹೊತ್ತಿಗೆ ಗದ್ದೆ ತುಂಬಾ ಬೆಳ್ಳಕ್ಕಿ, ಊರಾಚೆ ಹಂದಿ. ಇನ್ನೇನು ಬೇಕು? 2022ರ ಡಿಸೆಂಬರ್‌ನಲ್ಲಿ ರಾಜ್ಯದ 10 ಜಿಲ್ಲೆಗಳಲ್ಲಿ 1ರಿಂದ 15 ವರ್ಷದ ಮಕ್ಕಳಿಗೆ ಜೆಇ ಲಸಿಕೆ ಅಭಿಯಾನ ಶುರುವಾಯಿತಲ್ಲ, ಅದರಲ್ಲಿ ಹಾಸನವೂ ಇತ್ತು. ಸುಮ್ನೆ ಸೇರಿಸಿದರಾ?

ಇನ್ನೊಬ್ಬ ಮೇಧಾವಿ: "ಕುದುರೆಯಿಂದ ಮನುಷ್ಯನಿಗೆ ಹರಡಲ್ಲ, ಗೂಗಲ್ ಮಾಡಿ ಬ್ರೋ." ಹರಡಲ್ಲ ಬ್ರೋ! ಕುದುರೆಯ ರಕ್ತದಲ್ಲಿ ವೈರಸ್ ಸೊಳ್ಳೆಗೆ ದಾಟುವಷ್ಟು ಏರುವುದೇ ಇಲ್ಲ. ನಮ್ಮ ರಕ್ತದ್ದೂ ಅದೇ ಕಥೆ. ಆದರೆ ನಾವು ಸೊಳ್ಳೆ ಪರದೆಯೊಳಗೆ ಗೊರಕೆ ಹೊಡೆಯುವಾಗ ಕುದುರೆ ರಾತ್ರಿಯೆಲ್ಲಾ ಹೊರಗೆ ನಿಂತು ಕಚ್ಚಿಸಿಕೊಳ್ಳುತ್ತಿರುತ್ತದೆ, ಹಾಗಾಗಿ ಲಸಿಕೆ ಹಾಕಿಸದ ಕುದುರೆಯಲ್ಲಿ ಐಜಿಎಂ ಪ್ರತಿಕಾಯ, ಅಂದರೆ ಸೋಂಕು ತಗುಲಿದ ಹೊಸದರಲ್ಲಿ ಮೈ ತಯಾರಿಸುವ ರಕ್ಷಣಾ ಪ್ರೋಟೀನ್, ಸಿಕ್ಕರೆ ಸೋಂಕು ಹೊಸದು, ವೈರಸ್ ಈಗ ಇದೇ ಊರಲ್ಲಿ ಓಡಾಡುತ್ತಿದೆ ಅಂತ ಲೆಕ್ಕ. ಅದಕ್ಕೇ ಕುದುರೆ ನೋಡಿ ಅನ್ನುವುದು!

  

 ಪ್ರಾಣಿ ಪಕ್ಷಿ ಮೊದಲೇ ಸುಳಿವು ಕೊಡುತ್ತವೆ ಅನ್ನುವುದಕ್ಕೆ ಒಂದು ಉದಾಹರಣೆ, ನ್ಯೂಯಾರ್ಕ್. 1999ರಲ್ಲಿ ಅಲ್ಲಿ ಕಾಗೆಗಳು ಬೀದಿಯಲ್ಲಿ ಸತ್ತು ಬೀಳುತ್ತಿದ್ದವು. ಆಮೇಲೆ ಜನ ಆಸ್ಪತ್ರೆ ಸೇರಿದರು. ಇದು ಸೇಂಟ್ ಲೂಯಿಸ್ ಎನ್ಸೆಫಲೈಟಿಸ್, ಅಂದರೆ ಸೊಳ್ಳೆ ತರುವ ಇನ್ನೊಂದು ಮೆದುಳು ಜ್ವರ, ಅಂತ ಅಧಿಕಾರಿಗಳು ಹೇಳಿದ್ದೂ ಆಯಿತು. ಬ್ರಾಂಕ್ಸ್ ಮೃಗಾಲಯದ ಪಶುರೋಗ ತಜ್ಞೆ ಟ್ರೇಸಿ ಮೆಕ್‌ನಮಾರಾ ಮಾತ್ರ ಒಪ್ಪಲಿಲ್ಲ. ಆ ರೋಗಕ್ಕೆ ಹಕ್ಕಿ ಸಾಯುವುದಿಲ್ಲ, ಇಲ್ಲಿ ಫ್ಲೆಮಿಂಗೊಗಳೇ ಸಾಯುತ್ತಿವೆಯಲ್ಲ ಅಂತ ಪಟ್ಟು ಹಿಡಿದರು. ಕೊನೆಗೆ ನೋಡಿದರೆ ಅದು ವೆಸ್ಟ್ ನೈಲ್ ವೈರಸ್, ಅದನ್ನೂ ಸೊಳ್ಳೆಯೇ ತರುವುದು. ಕಾಗೆ ಮೊದಲೇ ಹೇಳಿತ್ತು, ಕೇಳುವವರು ಇರಲಿಲ್ಲ! ಅಮೆರಿಕದ ಕಥೆ ನಮಗ್ಯಾಕೆ ಅನ್ನಬೇಡಿ. 2019ರಲ್ಲಿ ಕೇರಳದ ಮಲಪ್ಪುರಂನಲ್ಲಿ ಇದೇ ವೈರಸ್‌ಗೆ ಒಬ್ಬ ಪುಟ್ಟ ಹುಡುಗ ತೀರಿಕೊಂಡ.

ಇದೇನು ನಮಗೆ ಹೊಸ ವಿದ್ಯೆಯೂ ಅಲ್ಲ. ಕೊಪ್ಪ, ಎನ್.ಆರ್.ಪುರದ ಕಡೆ ಕಾಡಲ್ಲಿ ಮಂಗ ಸತ್ತರೆ ತಕ್ಷಣ ಆರೋಗ್ಯ ಇಲಾಖೆಗೆ ತಿಳಿಸಿ ಅನ್ನುತ್ತಾರೆ. ಮಂಗನ ಕಾಯಿಲೆ ಉಣುಗಿನಿಂದ ಬರುವುದು, ಸೊಳ್ಳೆಯಿಂದ ಅಲ್ಲ, ಗೊತ್ತು, ಟೈಪ್ ಮಾಡಬೇಡಿ. ಆದರೆ ಮಂಗನಿಗೆ ಸಿಗುವ ಮರ್ಯಾದೆ ಅಯ್ಯನಕೆರೆ ಪಕ್ಕ ಸತ್ತು ಬಿದ್ದ ಕಾಗೆಗೆ ಯಾಕಿಲ್ಲ?

"ನಮ್ಮಲ್ಲಿ ಕುದುರೆ ಎಷ್ಟಿವೆ ಸಾರ್?" ಕಡಿಮೆ. ಹಾಗಾದರೆ ಕೆಲಸ ಇನ್ನೂ ಸುಲಭ ಅಲ್ವಾ? ಕುದುರೆ ಸಿಗದಿದ್ದರೆ ಹಂದಿ ನೋಡಿ. "ದುಡ್ಡು ಯಾರು ಕೊಡ್ತಾರೆ?" ಹಾಸನದಲ್ಲೇ ಪಶುವೈದ್ಯಕೀಯ ಕಾಲೇಜಿದೆ, ಬೆಂಗಳೂರಲ್ಲಿ ಪ್ರಾಣಿಗಳ ರೋಗ ಹರಡುವಿಕೆಯನ್ನೇ ಅಧ್ಯಯನ ಮಾಡುವ ನಿವೇದಿ ಸಂಸ್ಥೆ ಇದೆ, ಹಿಸಾರ್‌ನಲ್ಲಿ ಕುದುರೆಗೇ ಅಂತ ರಾಷ್ಟ್ರೀಯ ಸಂಶೋಧನಾ ಕೇಂದ್ರ ಇದೆ. ಒಂದು ಸಿರಿಂಜ್ ರಕ್ತ ಸ್ವಾಮಿ, ಕುದುರೆಯೇ ಸುಮ್ಮನೆ ನಿಂತು ಕೊಡುತ್ತದೆ, ನಿಮಗೇನು ಕಷ್ಟ?

ಕುದುರೆ ನೋಡಿ. ಹಂದಿ ನೋಡಿ. ಸತ್ತ ಕಾಗೆ ನೋಡಿ. ಯಾಕೆ ಅಂತ ಇನ್ನೂ ಕೇಳುವವರು ವಿಡಿಯೋ ಮೊದಲಿಂದ ಹಾಕಿಕೊಳ್ಳಿ, ನನಗೆ ವಾಚ್ ಟೈಮ್ ಆದರೂ ಬರಲಿ.